ಬೇಸಿಗೆ ಶಿಬಿರದ ಒಪ್ಪಿಗೆ ಪತ್ರ: ಒಂದೇ ಸಹಿಯಲ್ಲಿ ಎಲ್ಲಾ ಮುಗಿಸುವುದು ಸರಿಯಾ?

ಶಿಬಿರದ ಅಕ್ಕ, ವಿಜಯನಗರ

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಶುರು. ಈ ಸಲವೂ ನಮ್ಮ ಬಡಾವಣೆಯ ಸಂಘದ ಹಾಲ್‌ನಲ್ಲಿ ಮಕ್ಕಳ ಬೇಸಿಗೆ ಶಿಬಿರ ಇದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದರವರೆಗೆ. ಆರು ವರ್ಷದಿಂದ ಹದಿಮೂರು ವರ್ಷದ ಮಕ್ಕಳು. ಹಾಡು, ನಾಟಕ, ಜೇಡಿಮಣ್ಣಿನ ಕೆಲಸ, ಲಗೋರಿ, ಕುಂಟೆಬಿಲ್ಲೆ. ಒಂದು ದಿನ ಮೆಟ್ರೋದಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿಬರುವುದು, ಎರಡು ದಿನ ಈಜುಕೊಳ.

ಪೋಷಕರ ಒಪ್ಪಿಗೆ ಪತ್ರದ ಕರಡು ನನ್ನ ಕೈಗೆ ಬಂದಿದೆ. ಅದರಲ್ಲಿರುವುದು ಇಷ್ಟೇ: "ನನ್ನ ಮಗು ಶಿಬಿರದ ಎಲ್ಲಾ ಚಟುವಟಿಕೆಗಳಲ್ಲಿ ಭಾಗವಹಿಸಲು ಒಪ್ಪಿರುತ್ತೇನೆ. ಯಾವುದೇ ಅವಘಡಕ್ಕೆ ಆಯೋಜಕರು ಜವಾಬ್ದಾರರಲ್ಲ." ಕೆಳಗೆ ತಂದೆಯ ಸಹಿ.

ಇದು ಸಾಲದು. ಈ ಕಾಗದ ಆಯೋಜಕರು ಕೈ ತೊಳೆದುಕೊಳ್ಳುವುದಕ್ಕೆ ಬರೆದ ಹಾಗಿದೆ. ಮಗುವಿಗೆ ಉಬ್ಬಸ ಇದೆಯಾ, ಏನು ತಿಂದರೆ ಆಗುವುದಿಲ್ಲ, ಒಂದು ಗಂಟೆಗೆ ಗೇಟಿನಲ್ಲಿ ಯಾರ ಕೈಗೆ ಒಪ್ಪಿಸಬೇಕು, ಇದ್ಯಾವುದನ್ನೂ ಕೇಳಿಲ್ಲ. ಮಗುವನ್ನು ಆಟಕ್ಕೆ ಕಳಿಸಲು ಒಪ್ಪಿದ ತಾಯಿ ಅದರ ಫೋಟೋ ಫೇಸ್‌ಬುಕ್‌ಗೆ ಹಾಕಲೂ ಒಪ್ಪಿದ್ದಾರೆ ಅಂತ ನಾವೇ ತೀರ್ಮಾನ ಮಾಡಿಕೊಳ್ಳಬಹುದಾ?

ಈಜು, ಹೊರಗಿನ ಪ್ರವಾಸ, ಔಷಧಿ, ಫೋಟೋ, ಕರೆದೊಯ್ಯುವವರು: ಪ್ರತಿಯೊಂದಕ್ಕೂ ಬೇರೆ ಬೇರೆ ಒಪ್ಪಿಗೆ ಕೇಳಬೇಕು ಅನ್ನುವುದು ನನ್ನ ಮಾತು. ಒಂದಕ್ಕೆ ಬೇಡ ಅಂದರೂ ಮಗು ಉಳಿದದ್ದಕ್ಕೆ ಬರುವ ಹಾಗಿರಬೇಕು. ಕಾನೂನು, ವೈದ್ಯಕೀಯ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಇಬ್ಬರು ಮಕ್ಕಳ ಅಪ್ಪ, ಗೋವಿಂದರಾಜನಗರ

ಅಕ್ಕ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಐದು ಕಡೆ ಸಹಿ ಅಂದರೆ ಯಾರೂ ಓದುವುದಿಲ್ಲ. ಬ್ಯಾಂಕಿನಲ್ಲಿ ಸಾಲದ ಕಾಗದಕ್ಕೆ ಹಾಕುವ ಹಾಗೆ ಟಿಕ್ ಗುರುತು ನೋಡಿ ಹಾಕುತ್ತಾ ಹೋಗುತ್ತಾರೆ. ಇದು ನಮ್ಮ ಬಡಾವಣೆಯ ಶಿಬಿರ, ಎಲ್ಲರೂ ಗೊತ್ತಿರುವವರೇ. ದೊಡ್ಡ ಕಂಪನಿಯ ತರಹ ಮಾಡಲು ಹೋದರೆ ಸ್ವಯಂಸೇವಕರೇ ಬೆದರಿ ಹಿಂದೆ ಸರಿಯುತ್ತಾರೆ. ನನಗೆ ಆ ಭಯ ಜಾಸ್ತಿ.

ಶಿಬಿರದ ಅಕ್ಕ, ವಿಜಯನಗರ

ಓದುವುದಿಲ್ಲ ಅನ್ನುವುದು ನಿಜ. ಹಾಗಾಗಿಯೇ ಉದ್ದದ ಪ್ಯಾರಾ ಬೇಡ. ಒಂದು ಪ್ರಶ್ನೆ, ಮುಂದೆ ಹೌದು ಅಥವಾ ಬೇಡ, ಅಷ್ಟೇ ಸಾಕು. ಗೊತ್ತಿರುವವರೇ ಅನ್ನುವ ಮಾತು ಮಾತ್ರ ನಾನು ಒಪ್ಪುವುದಿಲ್ಲ ಸಾರ್. ಹೋದ ವರ್ಷ ಬಂದ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳ ಅಪ್ಪ ಅಮ್ಮನನ್ನು ನಾನು ಮುಖತಃ ನೋಡಿಯೇ ಇರಲಿಲ್ಲ.

ವಕೀಲೆ, ರಾಜಾಜಿನಗರ

"ಆಯೋಜಕರು ಜವಾಬ್ದಾರರಲ್ಲ" ಅನ್ನುವ ಸಾಲಿನ ಬಗ್ಗೆ ಮೊದಲು ಹೇಳುತ್ತೇನೆ. ಅದನ್ನು ನಂಬಿಕೊಂಡು ಸಂಘದವರು ಹಾಯಾಗಿ ಕೂರಬೇಡಿ. ನಿರ್ಲಕ್ಷ್ಯದಿಂದ ಯಾರದ್ದಾದರೂ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇದೆ, ಸಾವಾದರೆ 106ನೇ ಕಲಂ ಇದೆ. ಪೋಷಕರು ಮೊದಲೇ ಸಹಿ ಹಾಕಿಕೊಟ್ಟಿದ್ದರು ಅಂತ ಪೊಲೀಸ್ ಕೇಸು ತಪ್ಪುವುದಿಲ್ಲ. ಶುಲ್ಕ ತೆಗೆದುಕೊಂಡು ಶಿಬಿರ ನಡೆಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯ ಕೊರತೆ ಅಂತಲೂ ದೂರು ಕೊಡಬಹುದು. ಒಪ್ಪಿಗೆ ಪತ್ರದ ಕೆಲಸ ಬೇರೆ. ಯಾವ ಅಪಾಯ ಇದೆ ಅಂತ ನೀವು ಮುಂಚೆಯೇ ತಿಳಿಸಿದ್ದಿರಿ, ಪೋಷಕರು ತಿಳಿದುಕೊಂಡೇ ಕಳಿಸಿದರು ಅನ್ನುವುದಕ್ಕೆ ಅದು ದಾಖಲೆ. ಮಂಡಿ ತರಚುವುದು, ಲಗೋರಿ ಚೆಂಡು ಬೀಳುವುದು, ಇಂಥ ಸಹಜ ಪೆಟ್ಟುಗಳನ್ನು ಹೆಸರಿಸಿ ಬರೆಯಿರಿ. "ಯಾವುದೇ ಅವಘಡ" ಅಂದರೆ ಏನನ್ನೂ ತಿಳಿಸಿದ ಹಾಗಾಗಲಿಲ್ಲ.

ಎರಡನೆಯದು ತಂದೆಯ ಸಹಿ. ಯಾಕೆ ಬರೀ ತಂದೆ? ತಂದೆ ಬದುಕಿದ್ದಾಗಲೂ ತಾಯಿ ಸಹಜ ಪೋಷಕಿಯಾಗಿ ನಡೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. "ತಾಯಿ, ತಂದೆ ಅಥವಾ ಕಾನೂನಿನ ಪ್ರಕಾರ ಪೋಷಕರು" ಎಂದು ಹಾಕಿ.

ಮೂರನೆಯದು ಪತ್ರದಲ್ಲಿ ಇಲ್ಲವೇ ಇಲ್ಲ. ನೀವು ಪೋಷಕರಿಂದ ಒಪ್ಪಿಗೆ ಕೇಳುತ್ತಿದ್ದೀರಿ, ಪೋಷಕರಿಗೆ ಏನು ಮಾತು ಕೊಡುತ್ತಿದ್ದೀರಿ? ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇರುವುದಿಲ್ಲ. ಹೊಡೆಯುವುದಿಲ್ಲ, ಬಿಸಿಲಲ್ಲಿ ನಿಲ್ಲಿಸುವುದಿಲ್ಲ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ "ನಮ್ಮಲ್ಲೇ ಮಾತಾಡಿ ಮುಗಿಸೋಣ" ಅನ್ನುವುದಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸಂಘದ ಮರ್ಯಾದೆ ಉಳಿಸಲು ಹೋಗಿ ಮಗುವನ್ನು ಬಲಿ ಕೊಡುವ ಪದ್ಧತಿ ನಮ್ಮಲ್ಲಿದೆ. ಅದಕ್ಕೆ ಇದನ್ನು ಪತ್ರದಲ್ಲೇ ಬರೆಯಿರಿ, ಕೆಳಗೆ ಆಯೋಜಕರ ಸಹಿಯೂ ಇರಲಿ. ಮಕ್ಕಳ ಸಹಾಯವಾಣಿ 1098 ಹಾಲ್‌ನ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿರಲಿ.

ಅಜ್ಜಿ, ಹಂಪಿನಗರ

ನನ್ನ ಮೊಮ್ಮಗಳು ಬರುತ್ತಾಳೆ. ಮಗ ಸೊಸೆ ಇಬ್ಬರೂ ಆಫೀಸಿಗೆ ಹೋಗುತ್ತಾರೆ, ಕರೆದುಕೊಂಡು ಬರುವುದು ನಾನೇ. ಪತ್ರದಲ್ಲಿ ಅಜ್ಜಿ ಹೆಸರಿಗೆ ಜಾಗ ಇರಬೇಕಮ್ಮ. ಮತ್ತೆ, ನನಗೆ ಸ್ಮಾರ್ಟ್ ಫೋನ್ ಬರುವುದಿಲ್ಲ. ಒಟಿಪಿ ತೋರಿಸಿ, ಕ್ಯೂಆರ್ ತೋರಿಸಿ ಅಂದರೆ ನನ್ನ ಕೈಲಿ ಆಗುವುದಿಲ್ಲ.

ಗೇಟಿನ ಹೊಣೆ ಹೊತ್ತವನು

ಅಜ್ಜಿ, ನಿಮಗೆ ಒಟಿಪಿ ಬೇಡ. ರಿಜಿಸ್ಟರಿನಲ್ಲಿ ನಿಮ್ಮ ಫೋಟೋ ಅಂಟಿಸಿದ್ದರೆ ಸಾಕು.

ನಾನು ಬೇರೊಂದು ಶಿಬಿರದಲ್ಲಿ ಗೇಟ್ ನೋಡಿಕೊಂಡಿದ್ದೇನೆ. ಅಪಾಯ ಹೆಚ್ಚಿರುವುದು ಆಟದ ಹೊತ್ತಿನಲ್ಲಲ್ಲ, ಬಿಡುವ ಹೊತ್ತಿನಲ್ಲಿ. ಒಂದು ಗಂಟೆಗೆ ಐದು ನಿಮಿಷ ಇದ್ದಾಗ ಶುರು. ಆಟೋಗಳು ಗೇಟಿಗೆ ಅಡ್ಡ ನಿಂತಿರುತ್ತವೆ, ಸ್ಕೂಟರಿನವರು ಹಾರ್ನ್ ಹೊಡೆಯುತ್ತಾರೆ, ಒಳಗಿನ ಮಕ್ಕಳು ಚಪ್ಪಲಿ ಹುಡುಕುತ್ತಾ ಒಬ್ಬರ ಮೇಲೊಬ್ಬರು ಬಿದ್ದು ಬರುತ್ತಾರೆ. ಒಮ್ಮೆ ಒಬ್ಬರು ಬಂದು "ನಾನು ಅವಳ ಚಿಕ್ಕಪ್ಪ, ಅಣ್ಣ ಕಳಿಸಿದ" ಅಂದರು. ಹುಡುಗಿ ಓಡಿಹೋಗಿ ಅವರ ಕೈ ಹಿಡಿದಳು. ಪಟ್ಟಿಯಲ್ಲಿ ಅವರ ಹೆಸರಿಲ್ಲ. ಮಗು ಗುರುತು ಹಿಡಿಯಿತಲ್ಲ ಅಂತ ಕಳಿಸಿಬಿಡುವುದು ಸುಲಭ. ನಾವು ಕಳಿಸಲಿಲ್ಲ. ತಾಯಿಗೆ ಫೋನ್ ಮಾಡಿದೆವು, ಎತ್ತಲಿಲ್ಲ. ತಂದೆಯೂ ಎತ್ತಲಿಲ್ಲ. ಆ ಮನುಷ್ಯ ನಮ್ಮ ಮೇಲೆ ರೇಗಾಡಿದರು. ಕೊನೆಗೆ ತಾಯಿ ವಾಪಸ್ ಫೋನ್ ಮಾಡಿ ಹೌದು ಅಂದ ಮೇಲೆಯೇ ಕಳಿಸಿದ್ದು. ನಿಜವಾಗಿಯೂ ಚಿಕ್ಕಪ್ಪನೇ. ಮಾರನೇ ದಿನ ತಾಯಿ ಬಂದು, "ಹೀಗೇ ಮಾಡಿ, ನನ್ನ ಮುಖ ನೋಡಿಯೂ ಸಡಿಲ ಬಿಡಬೇಡಿ" ಅಂದರು.

ಮಗು ಗುರುತು ಹಿಡಿದರೆ ಅದು ಅನುಮತಿಯಲ್ಲ. ಮಕ್ಕಳಿಗೆ ತೊಂದರೆ ಕೊಡುವವರು ಎಷ್ಟೋ ಸಲ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವವರೇ ಆಗಿರುತ್ತಾರೆ. ಹಾಗಾಗಿ ಮೂರು ಹೆಸರು, ಮೂರು ಫೋಟೋ, ಮೂರು ಫೋನ್ ನಂಬರ್ ಪತ್ರದಲ್ಲೇ ಇರಲಿ. ಹೊಸಬರು ಬರುವುದಾದರೆ ಪತ್ರದಲ್ಲಿರುವ ನಂಬರಿನಿಂದಲೇ ತಾಯಿ ಅಥವಾ ತಂದೆ ಹನ್ನೆರಡು ಗಂಟೆಯೊಳಗೆ ಫೋನ್ ಮಾಡಿ ಹೇಳಬೇಕು. ದೊಡ್ಡ ಮಕ್ಕಳು ಒಬ್ಬರೇ ನಡೆದುಕೊಂಡು ಹೋಗುವುದಾದರೆ ಅದಕ್ಕೂ ಬೇರೆ ಒಪ್ಪಿಗೆ ಬೇಕು, ಯಾವ ದಾರಿ ಅಂತಲೂ ಬರೆಸಿಕೊಳ್ಳಿ.

ಇನ್ನೊಂದು. ಮಗುವಿನ ಹೆಸರಿನ ಬಿಲ್ಲೆ ಎದೆಯ ಮೇಲೆ ದೊಡ್ಡದಾಗಿ ಬೇಡ. ರಸ್ತೆಯಲ್ಲಿ ಯಾರು ಬೇಕಾದರೂ ಹೆಸರು ಹಿಡಿದು ಕರೆದರೆ ಮಗು ತಿರುಗಿ ನೋಡುತ್ತದೆ. ಹೊರಗೆ ಶಿಬಿರದ ಗುರುತು ಮಾತ್ರ ಇರಲಿ, ಫೋನ್ ನಂಬರ್ ಹಿಂಬದಿಯಲ್ಲಿರಲಿ.

ಒಂಟಿ ಅಮ್ಮ

ಹೆಸರು ಹೇಳದೆ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಮತ್ತು ಮಗನ ತಂದೆ ಬೇರೆ ಇದ್ದೇವೆ. ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ, ಇನ್ನೂ ಆದೇಶ ಬಂದಿಲ್ಲ. ಅವರು ಶಿಬಿರಕ್ಕೆ ಬಂದು ಮಗನನ್ನು ಕರೆದುಕೊಂಡು ಹೋದರೆ? ಇದನ್ನು ಎಲ್ಲರ ಮುಂದೆ ಹೇಳಿಕೊಳ್ಳಲು ಆಗದೆ ಹೋದ ವರ್ಷ ಮಗನನ್ನು ಕಳಿಸಲೇ ಇಲ್ಲ.

ವಕೀಲೆ, ರಾಜಾಜಿನಗರ

ಮೇಡಂ, ಖಂಡಿತ ಕಳಿಸಿ. ಮಗ ರಜೆಯಿಡೀ ಮನೆಯಲ್ಲೇ ಕೂರುವುದು ಬೇಡ. ಕೋರ್ಟಿನ ಆದೇಶ ಇದ್ದರೆ ಅದರ ಪ್ರತಿ ಕೊಡಿ, ಶಿಬಿರ ಅದರಂತೆಯೇ ನಡೆಯಬೇಕು. ಆದೇಶ ಇಲ್ಲದಿದ್ದರೆ ತಂದೆಯೂ ಪೋಷಕರೇ, ಶಿಬಿರದವರು ನ್ಯಾಯಾಧೀಶರಾಗಲು ಬರುವುದಿಲ್ಲ. ಆದರೆ ಸೇರಿಸಿದವರು ಯಾರು, ಪಟ್ಟಿಯಲ್ಲಿ ಯಾರಿದ್ದಾರೆ ಅನ್ನುವುದನ್ನು ಹಿಡಿದು ನಿಲ್ಲಬಹುದು. ಪಟ್ಟಿಯಲ್ಲಿಲ್ಲದವರು ಬಂದರೆ ಮಗುವನ್ನು ಒಳಗೆ ಇಬ್ಬರು ದೊಡ್ಡವರ ಜೊತೆ ಕೂರಿಸಿ, ನಿಮಗೆ ಫೋನ್ ಮಾಡಿ, ನೀವು ಬರುವವರೆಗೆ ಕಾಯಬಹುದು. ಜಗಳಕ್ಕೆ ನಿಂತರೆ 112. ಮಗುವಿನ ಎದುರು ವಾಗ್ವಾದ ಮಾತ್ರ ಬೇಡ. ತಾತ್ಕಾಲಿಕ ಆದೇಶ ಕೇಳಬಹುದಾ ಅಂತ ನಿಮ್ಮ ವಕೀಲರ ಹತ್ತಿರ ಈಗಲೇ ಮಾತಾಡಿ.

ಅಕ್ಕ, ಇಂಥ ವಿಷಯ ಬರೆಯಲು ಪತ್ರದಲ್ಲಿ ಜಾಗ ಬೇಡ. "ಗುಟ್ಟಾಗಿ ಹೇಳುವುದಿದ್ದರೆ ಈ ಒಬ್ಬರಿಗೆ ಹೇಳಿ" ಅಂತ ಒಂದು ನಂಬರ್ ಹಾಕಿ.

ಮಕ್ಕಳ ಡಾಕ್ಟರ್, ಬಸವೇಶ್ವರನಗರ

ಔಷಧಿ ವಿಷಯಕ್ಕೆ ಬರುತ್ತೇನೆ. "ಅಗತ್ಯ ಬಿದ್ದರೆ ಔಷಧಿ ಕೊಡಲು ಒಪ್ಪಿದ್ದೇನೆ" ಅನ್ನುವ ಸಾಲು ಎಷ್ಟೋ ಶಿಬಿರಗಳ ಪತ್ರದಲ್ಲಿರುತ್ತದೆ. ಯಾವ ಔಷಧಿ, ಎಷ್ಟು, ಯಾರು ಕೊಡುತ್ತಾರೆ?

ಪ್ಯಾರಾಸಿಟಮಾಲ್ ಸಿರಪ್ಪನ್ನೇ ತೆಗೆದುಕೊಳ್ಳಿ. 5 ಎಂಎಲ್‌ಗೆ 120 ಮಿಲಿಗ್ರಾಂ ಇರುವುದೂ ಅಂಗಡಿಯಲ್ಲಿ ಸಿಗುತ್ತದೆ, 250 ಮಿಲಿಗ್ರಾಂ ಇರುವುದೂ ಸಿಗುತ್ತದೆ. ಅಮ್ಮ ಫೋನಿನಲ್ಲಿ "ಒಂದು ಚಮಚ ಕೊಡಿ" ಅನ್ನುತ್ತಾರೆ. ಅವರ ಮನೆಯಲ್ಲಿರುವುದು 120ರ ಬಾಟಲಿ, ಶಿಬಿರದ ಡಬ್ಬಿಯಲ್ಲಿರುವುದು 250ರ ಬಾಟಲಿ. ಅದೇ ಚಮಚ, ಔಷಧಿ ಎರಡರಷ್ಟು. ಮಕ್ಕಳಿಗೆ ಡೋಸ್ ತೂಕದ ಮೇಲೆ: ಒಂದು ಕೆಜಿಗೆ 10ರಿಂದ 15 ಮಿಲಿಗ್ರಾಂ. 20 ಕೆಜಿಯ ಮಗುವಿಗೆ ಒಂದು ಸಲಕ್ಕೆ 200ರಿಂದ 300. ಬೆಳಿಗ್ಗೆ ಮನೆಯಲ್ಲಿ ಒಂದು ಡೋಸ್ ಕೊಟ್ಟು ಕಳಿಸಿದ್ದರೆ ಅದು ಶಿಬಿರದವರಿಗೆ ಗೊತ್ತೇ ಇರುವುದಿಲ್ಲ.

ಅದಕ್ಕೇ ನನ್ನ ಸಲಹೆ: ಶಿಬಿರದವರು ತಮ್ಮ ಡಬ್ಬಿಯಿಂದ ಯಾವ ಔಷಧಿಯನ್ನೂ ಹೊಟ್ಟೆಗೆ ಕೊಡಬೇಡಿ. ಜ್ವರ ಬಂದರೆ ನೀರು ಕುಡಿಸಿ, ಮಲಗಿಸಿ, ಮನೆಯವರನ್ನು ಕರೆಸಿ. ಮೂರೂವರೆ ಗಂಟೆಯ ಶಿಬಿರಕ್ಕೆ ಇಷ್ಟು ಸಾಕು. ಮೈಕೈ ನೋವು ಅಂತ ಬ್ರೂಫೆನ್ ಕೊಡುವುದಂತೂ ಬೇಡವೇ ಬೇಡ. ಡೆಂಗಿ ಇದ್ದರೆ ರಕ್ತಸ್ರಾವದ ಅಪಾಯ ಜಾಸ್ತಿಯಾಗುತ್ತದೆ. ಡಾಕ್ಟರ್ ಬರೆದುಕೊಟ್ಟು ಮನೆಯಿಂದಲೇ ಬಂದ ಔಷಧಿಯನ್ನು ಮಾತ್ರ, ಮಗುವಿನ ಹೆಸರಿನ ಚೀಟಿ ಅಂಟಿಸಿ, ಚೀಟಿಯಲ್ಲಿರುವಷ್ಟೇ ಕೊಡಿ, ಕೊಟ್ಟ ಹೊತ್ತು ಬರೆದಿಡಿ.

ಉಬ್ಬಸದ ಇನ್ಹೇಲರ್ ಆಫೀಸ್ ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ಮಗು ಎಲ್ಲಿದೆಯೋ ಅದು ಅಲ್ಲೇ ಇರಬೇಕು, ಅದಕ್ಕೆ ಜೋಡಿಸುವ ಕೊಳವೆ, ಅಂದರೆ ಸ್ಪೇಸರ್ ಸಮೇತ. ಮ್ಯೂಸಿಯಂಗೆ ಹೋಗುವಾಗಲೂ.

ಅಲರ್ಜಿಗೆ "ಇದೆ / ಇಲ್ಲ" ಅಂತ ಕೇಳಿದರೆ ಸಾಲದು. ಏನು ತಿಂದಾಗ, ಏನಾಯಿತು ಅಂತ ಕೇಳಿ. ತುಟಿ ಊದಿಕೊಂಡಿತಾ, ಉಸಿರು ಕಟ್ಟಿತಾ? ಕಡಲೆಕಾಯಿ ಆಗದ ಮಗುವಿಗೆ ನಮ್ಮ ಊರಿನ ತಿಂಡಿಯಲ್ಲಿ ಅದು ಎಲ್ಲೆಲ್ಲಿ ಬರುತ್ತದೆ ನೋಡಿ: ಚಿತ್ರಾನ್ನ, ಪುಳಿಯೋಗರೆ, ಅವಲಕ್ಕಿ, ಚಿಕ್ಕಿ, ಎಷ್ಟೋ ಮನೆಯ ಚಟ್ನಿ. ತಟ್ಟೆಯಿಂದ ಬೀಜ ಆರಿಸಿ ತೆಗೆದರೆ ಆಗುವುದಿಲ್ಲ, ಒಗ್ಗರಣೆಯಲ್ಲೇ ಸೇರಿರುತ್ತದೆ. ಉಸಿರಾಟ ಕಷ್ಟವಾದರೆ ಕೂಡಲೇ 108, ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆ. ಫಾರಂ ಹುಡುಕುತ್ತಾ ನಿಲ್ಲಬೇಡಿ. ಜೀವಕ್ಕೆ ಅಪಾಯ ಇದ್ದಾಗ ಆಸ್ಪತ್ರೆಯವರು ಚಿಕಿತ್ಸೆ ಶುರು ಮಾಡಲೇಬೇಕು, ಸುಪ್ರೀಂ ಕೋರ್ಟ್ 1989ರಲ್ಲೇ ಇದನ್ನು ಹೇಳಿದೆ. ಕೈ ಮುರಿದು ಆಪರೇಷನ್ ಬೇಕು ಅನ್ನುವಂಥ ಸಂದರ್ಭಕ್ಕೆ ಪೋಷಕರ ಒಪ್ಪಿಗೆ ಬೇಕಾಗುತ್ತದೆ. ಹಾಗಾಗಿ ಆ ಮೂರೂವರೆ ಗಂಟೆಯಲ್ಲಿ ನಿಜವಾಗಿಯೂ ಫೋನ್ ಎತ್ತುವವರ ನಂಬರ್ ಕೊಡಿ.

ಕೊನೆಯದಾಗಿ ನಾಯಿ. ಆಟದ ಮೈದಾನದಲ್ಲಿ ಕಚ್ಚಿದರೆ, ತರಚು ಗಾಯವೇ ಆದರೂ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ. ಅವತ್ತೇ ಲಸಿಕೆ. ಬೈಗುಳಕ್ಕೆ ಹೆದರಿ ಮಕ್ಕಳು ಹೇಳದೇ ಇರುತ್ತಾರೆ, ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ.

ಇಬ್ಬರು ಮಕ್ಕಳ ಅಪ್ಪ, ಗೋವಿಂದರಾಜನಗರ

ಡಾಕ್ಟ್ರೇ, ಸಿರಪ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಈಗ ಎದ್ದು ಮನೆಯ ಬಾಟಲಿ ನೋಡಿದೆ, 250. ಔಷಧಿಗೆ ಬೇರೆ ಸಹಿ ಬೇಕು, ಒಪ್ಪಿದೆ. ಫೋಟೋಗೂ ಬೇಕಾ? ಮಕ್ಕಳ ನಾಟಕದ ಫೋಟೋ ಗ್ರೂಪಿನಲ್ಲಿ ಬಂದರೆ ಖುಷಿಯೇ ಅಲ್ವಾ?

ಕಂಪ್ಯೂಟರ್ ಕೆಲಸದವಳು, ನಾಗರಬಾವಿ

ನಿಮಗೆ ಖುಷಿ, ಪಕ್ಕದ ಮನೆಯವರಿಗೆ ಇಲ್ಲದಿರಬಹುದು. ಗ್ರೂಪಿನಲ್ಲಿ ಬಂದ ಫೋಟೋ ಗ್ರೂಪಿನಲ್ಲೇ ಉಳಿಯುವುದಿಲ್ಲ. ಶಿಬಿರದ ಹೆಸರು, ಜಾಗ, ಬಿಡುವ ಹೊತ್ತು, ಮಗುವಿನ ಮುಖ, ನಾಲ್ಕೂ ಒಂದೇ ಪೋಸ್ಟಿನಲ್ಲಿದ್ದರೆ ಅಪರಿಚಿತರಿಗೆ ಬೇಕಾದದ್ದೆಲ್ಲಾ ಸಿಕ್ಕ ಹಾಗೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲಾ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಅದೂ ಪರಿಶೀಲಿಸಬಹುದಾದ ಒಪ್ಪಿಗೆ. ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯಲೂ ಬರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಕಾನೂನು ಪೂರ್ತಿ ಜಾರಿಗೆ ಬರುವವರೆಗೆ ಕಾಯಬೇಕಾ? ಈಗಿಂದಲೇ ಮೂರು ಪ್ರಶ್ನೆ ಕೇಳಿ: ಪೋಷಕರ ಗ್ರೂಪಿಗೆ ಹಾಕಬಹುದಾ, ಸಂಘದ ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಹಾಕಬಹುದಾ, ಮುಂದಿನ ವರ್ಷದ ಪೋಸ್ಟರಿಗೆ ಬಳಸಬಹುದಾ.

ಬೇಡ ಅಂದವರ ಮಕ್ಕಳಿಗೆ ಬೇರೆ ಬಣ್ಣದ ಪಟ್ಟಿ ಕಟ್ಟಬೇಡಿ, ಮಕ್ಕಳಿಗೆ ಅವಮಾನವಾಗುತ್ತದೆ. ಅವರ ಹೆಸರಿನ ಪಟ್ಟಿ ಫೋಟೋ ತೆಗೆಯುವವರ ಕೈಯಲ್ಲಿರಲಿ. ಸ್ವಯಂಸೇವಕರು ಸ್ವಂತ ಫೋನಿನಲ್ಲಿ ತೆಗೆಯುವುದು ಬೇಡ, ಒಂದೇ ಫೋನ್ ಸಾಕು. ಹಾಗೆಯೇ ಮಗುವಿನ ಆಧಾರ್ ಜೆರಾಕ್ಸ್ ಕೇಳುವ ಅಭ್ಯಾಸ ಬಿಡಿ. ಲಗೋರಿ ಆಡಲು ಆಧಾರ್ ಯಾಕೆ? ಶಿಬಿರ ಮುಗಿದ ಮೇಲೆ ಆರೋಗ್ಯದ ವಿವರ ಇರುವ ಹಾಳೆಗಳನ್ನು ಹರಿದು ಹಾಕಿ, ರದ್ದಿಗೆ ಹಾಕಬೇಡಿ.

ಈಜು ಕಲಿಸುವವನು

ಕೊಳಕ್ಕೆ ಖಂಡಿತ ಬೇರೆ ಒಪ್ಪಿಗೆ ಬೇಕು. "ಈಜು ಬರುತ್ತದಾ" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ಕಾಲು ನೆಲಕ್ಕೆ ತಾಗದ ನೀರಿನಲ್ಲಿ ಯಾರ ಸಹಾಯವೂ ಇಲ್ಲದೆ ಈಜಿದ್ದಾನಾ" ಅಂತ ಕೇಳಿ. ಫಿಟ್ಸ್ ಬರುವ ಮಗುವಿದ್ದರೆ ಮೊದಲೇ ತಿಳಿಯಲೇಬೇಕು. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಸದ್ದಿಲ್ಲದೆ ಕೆಳಗಿಳಿಯುತ್ತದೆ. ಲೈಫ್‌ಗಾರ್ಡ್ ಇದ್ದರೂ ನಿಮ್ಮ ಕಡೆಯವರು ಒಬ್ಬರು ಫೋನ್ ಮುಟ್ಟದೆ ತಲೆ ಎಣಿಸುತ್ತಾ ನಿಲ್ಲಬೇಕು.

ಮನಸ್ಸಿನಲ್ಲಿರುವ ಇನ್ನೊಂದು ಮಾತು ಹೇಳುತ್ತೇನೆ. ಅಪ್ಪ ಸಹಿ ಹಾಕಿರುತ್ತಾರೆ, ದುಡ್ಡು ಕಟ್ಟಿರುತ್ತಾರೆ. ಮಗು ಕೊಳದ ಅಂಚಿನಲ್ಲಿ ಕಂಬಿ ಹಿಡಿದು ನಿಂತಿರುತ್ತದೆ. ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ. "ಬೇಡ ಸಾರ್" ಅನ್ನುತ್ತದೆ. ಹಿಂದಿನಿಂದ ತಳ್ಳಿದರೆ ಕಲಿಯುತ್ತಾರೆ ಅನ್ನುವವರಿದ್ದಾರೆ. ನಾನು ತಳ್ಳುವುದಿಲ್ಲ. ಪೋಷಕರು ಒಪ್ಪಿದ್ದು ಅವಕಾಶಕ್ಕೆ. ನೀರಿಗೆ ಇಳಿಯಬೇಕಾದ್ದು ಮಗು. ಪತ್ರದಲ್ಲಿ ಮಗುವಿಗೂ ಒಂದು ಸಾಲು ಇಡಿ: "ನನಗೆ ಇಷ್ಟವಿಲ್ಲದಿದ್ದರೆ ಬೇಡ ಅನ್ನಬಹುದು, ಯಾರೂ ಬೈಯುವುದಿಲ್ಲ." ಹತ್ತು ವರ್ಷದ ಮಕ್ಕಳು ಇದನ್ನು ತಾವೇ ಓದಿ ಹೆಸರು ಬರೆಯಬಲ್ಲರು.

ಮೇಷ್ಟ್ರು, ಮೂಡಲಪಾಳ್ಯ

ಪ್ರವಾಸಕ್ಕೆ ಮೆಟ್ರೋ ಒಳ್ಳೆಯದೇ. ವಿಜಯನಗರದಿಂದ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ನೇರಳೆ ಮಾರ್ಗ, ಬದಲಿಸುವ ತಾಪತ್ರಯವಿಲ್ಲ. ಮೆಜೆಸ್ಟಿಕ್‌ನಲ್ಲಿ ಮಾತ್ರ ಜನ ನುಗ್ಗುತ್ತಾರೆ. ಐದು ಮಕ್ಕಳಿಗೆ ಒಬ್ಬ ದೊಡ್ಡವರು, ಆ ಐದು ಹೆಸರು ಅವರ ಜೇಬಿನಲ್ಲಿ. ತಪ್ಪಿಹೋದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲು, ಸಮವಸ್ತ್ರದವರಿಗೆ ಹೇಳು ಅಂತ ಮೊದಲೇ ಹೇಳಿಕೊಡಿ. ಮಕ್ಕಳನ್ನು ಯಾರದ್ದೋ ಬಿಳಿ ಬೋರ್ಡ್ ಕಾರಿಗೆ ಬಾಡಿಗೆ ಕೊಟ್ಟು ತುಂಬಿಸುವುದಂತೂ ಬೇಡ.

ಹೊರಗಿನ ಆಟ ಹನ್ನೊಂದರ ಒಳಗೆ ಮುಗಿಯಲಿ. 2016ರ ಏಪ್ರಿಲ್‌ನಲ್ಲಿ ಇದೇ ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ತಂಪು ಊರು ಅನ್ನುವ ಧೈರ್ಯ ಈಗ ನಡೆಯುವುದಿಲ್ಲ. ಗುಡುಗು ಮಳೆ ಬಂದರೆ ಮರದ ಕೆಳಗೆ ನಿಲ್ಲಬಾರದು, ಆ ದಿನ ಬಿಡುವುದು ತಡವಾಗುತ್ತದೆ ಅಂತ ಪತ್ರದಲ್ಲೇ ಹೇಳಿ.

ಹೊಸಬ

ಶುಲ್ಕ ವಾಪಸ್? ಮಗುವಿಗೆ ಮೂರನೇ ದಿನವೇ ಜ್ವರ ಬಂದರೆ?

ಶಿಬಿರದ ಅಕ್ಕ, ವಿಜಯನಗರ

ಶುರುವಾಗುವ ಮುಂಚೆ ಬೇಡ ಅಂದರೆ ಪೂರ್ತಿ ವಾಪಸ್. ನಂತರ ಕಾಯಿಲೆಯಾದರೆ ಉಳಿದ ದಿನಗಳ ಹಣ ವಾಪಸ್. ಇದು ಈಗಾಗಲೇ ಸಂಘದಲ್ಲಿ ಒಪ್ಪಿಗೆಯಾಗಿದೆ.

ಉಳಿದ ಎಲ್ಲವನ್ನೂ ಬರೆದುಕೊಂಡೆ. ಪತ್ರ ಎರಡು ಪುಟ ಆಗುತ್ತದೆ. ಮೊದಲ ಪುಟದಲ್ಲಿ ನಾವು ಕೊಡುವ ಮಾತು, ಕೆಳಗೆ ನನ್ನ ಮತ್ತು ಸಂಘದ ಅಧ್ಯಕ್ಷರ ಸಹಿ. ಎರಡನೇ ಪುಟದಲ್ಲಿ ಪೋಷಕರ ಉತ್ತರಗಳು, ಕೊನೆಗೆ ಮಗುವಿನ ಸಾಲು. "ಜವಾಬ್ದಾರರಲ್ಲ" ಅನ್ನುವ ವಾಕ್ಯ ತೆಗೆಯಲು ಅಧ್ಯಕ್ಷರು ಇನ್ನೂ ಒಪ್ಪಿಲ್ಲ. ವಕೀಲೆ ಮೇಡಂ, ಭಾನುವಾರದ ಸಭೆಗೆ ದಯವಿಟ್ಟು ಬನ್ನಿ. ಸ್ವಯಂಸೇವಕರೆಲ್ಲಾ ಸೇವಾ ಸಿಂಧುವಿನಲ್ಲಿ ಪೊಲೀಸ್ ವೆರಿಫಿಕೇಷನ್‌ಗೆ ಅರ್ಜಿ ಹಾಕಬೇಕು ಅಂತಲೂ ಅಲ್ಲೇ ಕೇಳುತ್ತೇನೆ. ನನ್ನದನ್ನು ಮೊದಲು ಹಾಕಿದ್ದೇನೆ.

ವಕೀಲೆ, ರಾಜಾಜಿನಗರ

ಬರುತ್ತೇನೆ.

ಇಬ್ಬರು ಮಕ್ಕಳ ಅಪ್ಪ, ಗೋವಿಂದರಾಜನಗರ

ನಾನೂ ಬರುತ್ತೇನೆ, ಈ ಸಲ ನಿಮ್ಮ ಪರವಾಗಿ ಮಾತಾಡಲು. ಒಂದೇ ಒಂದು ವಿಷಯ ಸೇರಿಸಿ ಅಕ್ಕ. ನಮ್ಮ ಬೀದಿಯಲ್ಲಿ ಮನೆಗೆಲಸಕ್ಕೆ ಬರುವವರ ಮಕ್ಕಳು, ಕಟ್ಟಡ ಕೆಲಸದವರ ಮಕ್ಕಳೂ ಶಿಬಿರಕ್ಕೆ ಬರುತ್ತಾರೆ. ಕೆಲವರಿಗೆ ಓದಲು ಬರುವುದಿಲ್ಲ, ಕೆಲವರಿಗೆ ಕನ್ನಡ ಬರುವುದಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದರೆ ಅದೂ ಹಳೆಯ ಕರಡಿನಂತೆಯೇ ಆಗುತ್ತದೆ. ಸೇರಿಸುವ ದಿನ ಒಂದು ಮೇಜು ಹಾಕಿ, ಕೂರಿಸಿ, ಒಂದೊಂದೇ ಪ್ರಶ್ನೆ ಓದಿ ಹೇಳಿ ಉತ್ತರ ಬರೆದುಕೊಳ್ಳೋಣ. ತೆಲುಗು, ತಮಿಳು ನನಗೆ ಬರುತ್ತದೆ. ಹಿಂದಿ, ಉರ್ದು ಬಲ್ಲವರು ಯಾರಾದರೂ ಇದ್ದರೆ ಹೇಳಿ.

ಅಜ್ಜಿ, ಹಂಪಿನಗರ

ಉರ್ದು ನನಗೆ ಬರುತ್ತದಪ್ಪ. ಶಿವಾಜಿನಗರದಲ್ಲಿ ಬೆಳೆದವಳು. ಎಷ್ಟು ಹೊತ್ತಿಗೆ ಬರಲಿ?

ಶಿಬಿರದ ಅಕ್ಕ, ವಿಜಯನಗರ

ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಜ್ಜಿ. ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ ತನ್ನಿ, ಗೇಟಿನ ರಿಜಿಸ್ಟರಿಗೆ ಅವತ್ತೇ ಅಂಟಿಸಿಬಿಡೋಣ.